ತಾರಸಿಗೊಂದು ಹಾಸು

ಮನೆಯಲ್ಲಿ ಬುದ್ಧಿ ಹೇಳುವುದು ಸುಲಭದ ಕೆಲಸ. ಯಾರೂ ಕೇಳುವುದಿಲ್ಲ ಎಂಬ ಧೈರ್ಯವಿದ್ದರೆ ಎಷ್ಟು ಬೇಕಾದರೂ ಹೇಳಬಹುದು. ಮೂವತ್ತು ವರ್ಷ ನಾನು ಆ ಧೈರ್ಯದ ಮೇಲೆಯೇ ಸಂಸಾರ ಮಾಡಿದವನು.

ಪುತ್ತೂರಿನ ನಮ್ಮ ಮನೆಯ ಕಾಂಕ್ರೀಟು ತಾರಸಿ ಏಪ್ರಿಲ್ ಮಧ್ಯಾಹ್ನ ದೋಸೆಕಲ್ಲಿನ ಹಾಗೆ ಕಾಯುತ್ತದೆ. ನನ್ನ ಹೆಂಡತಿ ಸುಮತಿ ಹಲಸಿನ ಹಪ್ಪಳ ಒಣಗಿಸುವುದು ಅಲ್ಲಿಯೇ. ಅವಳಿಗೆ ಸಕ್ಕರೆ ಕಾಯಿಲೆ; ಪಾದಕ್ಕೆ ಬಿಸಿಯೂ ತಿಳಿಯುವುದಿಲ್ಲ, ನೋವೂ ತಿಳಿಯುವುದಿಲ್ಲ. ಕಳೆದ ವರ್ಷ ಅವಳ ಅಂಗಾಲು ಸುಟ್ಟು ಎದ್ದ ಬೊಬ್ಬೆಯನ್ನು ಮೊದಲು ಕಂಡವನು ನಾನು. "ಎಂತ ಹಾಗೆ ನೋಡುದು?" ಎಂದು ಅವಳು ನಕ್ಕಳು. ಅದು ಮಾಯಲು ಮೂರು ತಿಂಗಳು ಹಿಡಿಯಿತು. ಇನ್ನೊಮ್ಮೆ ಸುಟ್ಟರೆ ಬೆರಳು ಉಳಿಯುವುದು ಕಷ್ಟ ಎಂದರು ಡಾಕ್ಟರು.

ಚಪ್ಪಲಿ ಹಾಕು ಎಂದರೆ, "ತಿನ್ನುವ ವಸ್ತು ಒಣಗುವಲ್ಲಿ ಚಪ್ಪಲಿಯಾ? ನಿಮ್ಗೆ ಹೇಸಿಗೆ ಆಗುದಿಲ್ವಾ?" ಎಂದಳು. ಹಪ್ಪಳವನ್ನು ನಾನೇ ಹರಡಬಹುದಿತ್ತು. ಆ ಉಪಾಯ ಹೊಳೆದದ್ದು ಇದನ್ನು ಬರೆಯುವಾಗ.

ಹಾಗಾಗಿ ಈ ವರ್ಷ ನಡೆಯುವ ದಾರಿಗೆ ಏನಾದರೂ ಹಾಸೋಣವೆಂದು ಕಬಕದ ಅಂಗಡಿಗೆ ಹೋದೆ. ಒಂದೊಂದೇ ತುಂಡನ್ನು ಅಂಗಡಿಯೆದುರು ಬಿಸಿಲಿಗೆ ಹಾಕಿಸಿ, ಬರಿಗಾಲಲ್ಲಿ ಮೇಲೆ ನಿಂತೆ. ಪ್ಲಾಸ್ಟಿಕ್ಕಿನ ಹಸಿರು ಹುಲ್ಲು ನೋಡಲು ತಂಪು, ನಿಂತರೆ ಕೆಂಡ. ರಬ್ಬರು ನಾತ ಬಂತು. "ನಿಮ್ಗೆ ಹಾಸು ಬೇಕಾದ್ದಾ, ಹರಕೆ ತೀರಿಸ್ಲಿಕ್ಕೆ ಉಂಟಾ ಮಾರಾಯ್ರೆ?" ಎಂದ ಅಂಗಡಿಯವ. ಕೊನೆಗೆ ತೆಂಗಿನ ನಾರಿನ ಹಾಸು ಗೆದ್ದಿತು. ಹತ್ತು ನಿಮಿಷ ನಿಂತರೂ ನನ್ನ ಕಾಲು ಸುಡಲಿಲ್ಲ.

ಮನೆಗೆ ತಂದು ಮೆಟ್ಟಿಲಿನಿಂದ ಹಪ್ಪಳದವರೆಗೆ ನೆಟ್ಟಗೆ ಹಾಸಿದೆ. ಅಲ್ಲಿಗೆ ಸುಮ್ಮನಿರಬಹುದಿತ್ತು. "ಒದ್ದೆ ಕಾಲಲ್ಲಿ ಹಾಸು ಮೆಟ್ಟಬೇಡ, ನಾರಿಗೆ ಬೂಸ್ಟು ಹಿಡಿಯುತ್ತದೆ" ಎಂದೂ ಹೇಳಿದೆ.

ನಾಲ್ಕನೆಯ ದಿನ ಮಧ್ಯಾಹ್ನ ತಾರಸಿಗೆ ಹೋದೆ. ಹಪ್ಪಳ ಮುಟ್ಟುವ ಮೊದಲು ಸುಮತಿ ಮೆಟ್ಟಿಲ ಬಳಿಯ ನಳ್ಳಿಯಲ್ಲಿ ಕಾಲು ತೊಳೆಯುತ್ತಾಳೆ. ಅವಳ ತಾಯಿ ಕಲಿಸಿದ ಕ್ರಮ. ಹಾಸಿನ ಪಕ್ಕದ ಬರಿ ಕಾಂಕ್ರೀಟಿನ ಮೇಲೆ ಒದ್ದೆ ಹೆಜ್ಜೆಗಳು ಸಾಲಾಗಿ ಹೋಗಿದ್ದವು. ನಾನು ನೋಡುತ್ತಿದ್ದಂತೆ ಒಂದೊಂದಾಗಿ ಆರಿದವು. ಹಾಸಿನ ಮೇಲೆ ಒಂದೂ ಇರಲಿಲ್ಲ. ಆಚೆ ತುದಿಯಲ್ಲಿ ಅವಳು ಕುಕ್ಕರಗಾಲಲ್ಲಿ ಕುಳಿತು, ಏನೂ ಆಗದವಳಂತೆ ಹಪ್ಪಳ ಮಗುಚುತ್ತಿದ್ದಳು.

ಈ ಸಲ ಎರಡೂ ಪಾದ.

ಬ್ಯಾಂಡೇಜು ಸುತ್ತುತ್ತಾ ಡಾಕ್ಟರು ಗದರಿದರು: "ಎಂತಮ್ಮ, ಮನೆಯವ್ರು ಹೇಳಿದ್ದು ಕೇಳುದಿಲ್ವಾ ನೀವು?"

ಸುಮತಿ ನನ್ನ ಮುಖ ನೋಡಿದಳು.

"ಎಲ್ಲಿ ಕೇಳ್ತಾಳೆ ಡಾಕ್ಟ್ರೇ," ಎಂದೆ ನಾನು.