ಸಾರಿನ ಬಕೆಟ್ಟು ಯಾರ ಕೈಗೆ

ಎಂಟನೇ ತರಗತಿಗೆ ಹದಿಹರೆಯದ ಪಾಠ ಮಾಡುವ ದಿನ ನಾನು ಗಂಜಿ ಹಾಕಿದ ಹತ್ತಿ ಸೀರೆಯನ್ನೇ ಉಡುತ್ತೇನೆ. ಸೀರೆ ಗಟ್ಟಿಯಾಗಿ ನಿಂತರೆ ನಾನೂ ನಿಲ್ಲುತ್ತೇನೆ ಎಂಬ ನಂಬಿಕೆ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದವನನ್ನು ಕಣ್ಣಲ್ಲೇ ಗದರಿಸಿ, "ದನಿ ಒಡೆಯುವುದು, ಮೀಸೆ ಮೂಡುವುದು, ಎತ್ತರ ಬೆಳೆಯುವುದು ಎಲ್ಲ ಹುಡುಗರಿಗೂ ಒಂದೇ ವಯಸ್ಸಿಗೆ ಆಗುವುದಿಲ್ಲ. ಕೆಲವರಿಗೆ ಹತ್ತು ಹನ್ನೊಂದಕ್ಕೇ ಶುರು, ಕೆಲವರಿಗೆ ಹದಿನಾಲ್ಕಾದರೂ ಸುದ್ದಿಯಿಲ್ಲ. ಎರಡೂ ಸರಿಯೇ, ಯಾರೂ ತಲೆ ಕೆಡಿಸಿಕೊಳ್ಳಬೇಡಿ" ಎಂದು ಪ್ರತಿವರ್ಷ ಹೇಳುತ್ತೇನೆ. ಹೇಳುವಾಗ ನನ್ನ ಮುಖದಲ್ಲಿ ನ್ಯಾಯಾಧೀಶರಿಗೂ ಬಾರದಷ್ಟು ಗಾಂಭೀರ್ಯ ಇರುತ್ತದೆ. ಆದರೆ ಆ ಮಾತಿನ ಒಂದಕ್ಷರವನ್ನೂ ನಾನು ನಂಬಿರಲಿಲ್ಲ ಎನ್ನುವುದು, ಪಾಠ ನನ್ನ ಮನೆಗೇ ಬಂದು ಕೂತಾಗ ಗೊತ್ತಾಯಿತು.

ನನಗೆ ಇಬ್ಬರು ಗಂಡುಮಕ್ಕಳು. ಮನೋಜನಿಗೆ ಹದಿನೈದು, ತೇಜುವಿಗೆ ಹದಿಮೂರು. ಕಳೆದ ಬೇಸಿಗೆ ರಜೆಯಲ್ಲಿ ಚಿಕ್ಕವನು ಇದ್ದಕ್ಕಿದ್ದಂತೆ ಬೆಳೆಯತೊಡಗಿದ. ರಜೆ ಮುಗಿಯುವ ಹೊತ್ತಿಗೆ ಅವನ ದನಿ ಒಡೆದು, ತುಟಿಯ ಮೇಲೆ ಮಸಿ ಒರೆಸಿದಂತೆ ಮೀಸೆ ಕಾಣಿಸಿಕೊಂಡು, ಅಡುಗೆಮನೆಯ ಅಟ್ಟದ ಡಬ್ಬಿಗಳೆಲ್ಲ ಅವನ ಕೈಗೆಟುಕುತ್ತಿದ್ದವು. ದೊಡ್ಡವನು ಮಾತ್ರ ಇದ್ದಲ್ಲೇ ಇದ್ದ. ಅವನು ಫೋನೆತ್ತಿದರೆ ಆಚೆಯವರು "ಪುಟ್ಟಿ, ಅಪ್ಪ ಇದ್ದಾರಾ?" ಎನ್ನುತ್ತಿದ್ದರು. ಅಣ್ಣನ ಪ್ಯಾಂಟು ತಮ್ಮನಿಗೆ ಇಳಿದು ಬರುವುದು ಲೋಕರೂಢಿ. ನಮ್ಮ ಮನೆಯಲ್ಲಿ ಅದು ಉಲ್ಟಾ ಹೊಡೆದು, ತಮ್ಮನಿಗೆ ಗಿಡ್ಡವಾದ ಪ್ಯಾಂಟು ಅಣ್ಣನಿಗೆ ಹೋಯಿತು. ಮನೋಜ ಅದನ್ನು ಹಾಕಿಕೊಂಡ. ಜಗಳವಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಲ್ಲಿಂದ ಶುರುವಾಯಿತು ಅವನನ್ನು ಬೆಳೆಸುವ ನನ್ನ ಕಾರ್ಯಾಚರಣೆ. ಬೆಳಿಗ್ಗೆ ಮೊಟ್ಟೆ, ಸಂಜೆ ನೆನೆಸಿದ ಬಾದಾಮಿ. ಕುಂಸಿಯಿಂದ ಅತ್ತೆ ಕಳಿಸಿದ ರಾಗಿ ಹುರಿಹಿಟ್ಟು. ಬಾಗಿಲ ಮೇಲೊಂದು ಕಬ್ಬಿಣದ ಸರಳು ಹಾಕಿಸಿ, ಅದಕ್ಕೆ ಜೋತುಬೀಳು ಎಂದೆ. ಅವನು ಬಟ್ಟೆ ಒಣಹಾಕಿದ ಹಾಗೆ ಸುಮ್ಮನೆ ಜೋತುಬಿದ್ದಿರುತ್ತಿದ್ದ. ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಬೆಳೀತಾನೆ ಬಿಡು ಮಾರಾಯ್ತಿ. ಅವನೇನು ಹೀರೇಕಾಯಿನಾ, ದಿನಾ ಹೋಗಿ ನೋಡೋಕೆ?" ಎಂದರು. ನಾನು ಬಿಡಲಿಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆಯ ಹತ್ತಿರದ ಡಾಕ್ಟರ ಬಳಿಗೆ ಅವನನ್ನು ಎಳೆದುಕೊಂಡು ಹೋದೆ. ಅವರು ನನ್ನನ್ನು ಹೊರಗೆ ಕೂರಿಸಿ ಅವನನ್ನು ಪರೀಕ್ಷಿಸಿದರು, ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು. "ಶುರುವಾಗಿದೆ, ಹೊರಗೆ ಕಾಣ್ತಿಲ್ಲ ಅಷ್ಟೇ. ಇವನ ಮೂಳೆಗಳಿಗೆ ಅವಸರ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಟೈಮು ಮೇಡಂ, ನಿಮಗೇ ಗೊತ್ತಲ್ಲ" ಎಂದರು. ನನಗೆ ಗೊತ್ತಿದ್ದದ್ದು ಹೌದು. ಆದರೂ ಬೇರೆ ಡಾಕ್ಟರರನ್ನು ಕೇಳಿದರೆ ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತಲೇ ಬಂದೆ. ಮನೋಜ ಮಾತ್ರ ಪಕ್ಕದಲ್ಲಿ ಹಗುರಾಗಿ ಹೆಜ್ಜೆ ಹಾಕುತ್ತಿದ್ದ.

ಹೀಗಿರುವಾಗ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿರುವ ನನ್ನ ಅಣ್ಣನ ಮಗಳ ನಿಶ್ಚಿತಾರ್ಥ ಬಂತು. ಮನೆ ಮುಂದೆಯೇ ಶಾಮಿಯಾನ. ಅಡುಗೆಗೆ ಭಟ್ಟರು ಬಂದರೂ ಬಡಿಸುವುದು ಮನೆಯ ಹುಡುಗರೇ ಆಗಬೇಕು, ಅದು ನಮ್ಮ ಕಡೆಯ ಪದ್ಧತಿ. ಬಡಿಸುವುದರಲ್ಲಿ ಬಡ್ತಿಯ ಕ್ರಮವೂ ಇದೆ. ಮೊದಲು ಉಪ್ಪು, ಆಮೇಲೆ ನೀರು, ಆಮೇಲೆ ಪಲ್ಯ. ಇವೆಲ್ಲ ದಾಟಿದವನ ಕೈಗೆ ಸಾರಿನ ಬಕೆಟ್ಟು. ಬಕೆಟ್ಟು ಹಿಡಿದ ಹುಡುಗನನ್ನು ಅಂದಿನಿಂದ ನೆಂಟರು ಗಂಡಸರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನನ್ನ ಅಣ್ಣ ಇಬ್ಬರನ್ನೂ ಕರೆದು, ತೇಜುವಿನ ಕೈಗೆ ಬಕೆಟ್ಟು ಕೊಟ್ಟ. ಮನೋಜನ ಕೈಗೆ ಉಪ್ಪಿನ ಬಟ್ಟಲಿಟ್ಟು, "ನೀನು ಇದು ಹಾಕ್ಕೊಂಡು ಹೋಗು ಪುಟ್ಟ" ಎಂದ. ಅಣ್ಣನನ್ನು ಪಕ್ಕಕ್ಕೆ ಕರೆದು, "ದೊಡ್ಡೋನು ಯಾರು ಅಂತ ಗೊತ್ತಿಲ್ವೇನೋ ನಿಂಗೆ?" ಎಂದು ಹರಿಹಾಯ್ದೆ. "ಬಕೆಟ್ಟಿಗೆ ವಯಸ್ಸು ಗೊತ್ತಾಗಲ್ಲ ಕಣೇ, ತೋಳು ಗೊತ್ತಾಗತ್ತೆ" ಎಂದು ಅವನು ಹೆಗಲ ಟವೆಲ್ಲು ಕೊಡವಿಕೊಂಡು ಹೋದ.

ಸರಿ, ನಾನೇ ಬಕೆಟ್ಟು ಬದಲಾಯಿಸುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಪಂಕ್ತಿಯತ್ತ ನುಗ್ಗಿದೆ. ಅಷ್ಟರಲ್ಲಿ ಅಲ್ಲಿ ಗಲಾಟೆ. ತೇಜು ಒಬ್ಬ ಹಿರಿಯರ ಬಿಳಿ ಪಂಚೆಯ ಮೇಲೆ ಸಾರು ಚೆಲ್ಲಿದ್ದ. ಅವರು, "ಮೀಸೆ ಬಂದಿದೆ, ಒಂದು ಸೌಟು ನೆಟ್ಟಗೆ ಹಿಡಿಯೋಕೆ ಬರಲ್ವೇನಯ್ಯಾ? ಕತ್ತೆ ಹಾಗೆ ಬೆಳೆದಿದ್ದೀಯಲ್ಲ" ಎಂದು ಗದರುತ್ತಿದ್ದರು. ತೇಜುವಿನ ಗಲ್ಲ ನಡುಗುತ್ತಿತ್ತು. ಅಳು ತಡೆಯಲು ಅವನು ಪಡುತ್ತಿದ್ದ ಕಷ್ಟ ದೂರದಿಂದಲೇ ಕಾಣುತ್ತಿತ್ತು. ಎಂಟು ವರ್ಷದವನಾಗಿದ್ದಾಗ ಬಿದ್ದು ಮಂಡಿ ತರಚಿಕೊಂಡು ಬಂದಾಗಲೂ ಅವನ ಮುಖ ಹೀಗೇ ಆಗಿತ್ತು. ನಾನು ತಲುಪುವ ಮೊದಲೇ ಮನೋಜ ಉಪ್ಪಿನ ಬಟ್ಟಲನ್ನು ಕೆಳಗಿಟ್ಟು ತಮ್ಮನ ಪಕ್ಕ ಬಂದು ನಿಂತಿದ್ದ. ತಮ್ಮನ ಭುಜಕ್ಕಷ್ಟೇ ಬರುವ ಹುಡುಗ. ಕೊಳಲಿನಂಥ ಅದೇ ಸಣ್ಣ ದನಿಯಲ್ಲಿ, "ಬೈಬೇಡಿ ಅಜ್ಜ, ಅವನಿಗಿನ್ನೂ ಹದಿಮೂರು. ನಾನು ಅವನ ಅಣ್ಣ" ಎಂದ.

ಪಂಕ್ತಿಯಲ್ಲಿ ಯಾರೋ ನಕ್ಕರು. ಮನೋಜ ಅತ್ತ ತಿರುಗಿಯೂ ನೋಡಲಿಲ್ಲ. ತಮ್ಮನ ಕೈಯಿಂದ ಸೌಟು ತೆಗೆದುಕೊಂಡು, "ನೀನು ಬಕೆಟ್ ಎತ್ಕೋ, ಸೌಟು ನಾನು ಹಾಕ್ತೀನಿ" ಎಂದ. ಇಬ್ಬರೂ ಕೊನೆಯ ಎಲೆಯವರೆಗೆ ಹಾಗೆಯೇ ಬಡಿಸಿದರು. ಮನೋಜನನ್ನು ಕಾಪಾಡಲು ಹೊರಟಿದ್ದ ನನಗೆ ಮಾಡಲು ಕೆಲಸವೇ ಇರಲಿಲ್ಲ. ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡು ನಿಂತೆ.

ಅಷ್ಟು ಹೊತ್ತು ಓಡಾಡಿದ ಹುಡುಗರಿಬ್ಬರೂ ಸರಿಯಾಗಿ ಉಂಡಿರಲಿಲ್ಲ. ಸಂಜೆ ಶಿವಮೊಗ್ಗಕ್ಕೆ ಬಂದ ತಕ್ಷಣ ಅನ್ನಕ್ಕೆ ಮೊಸರು ಹಾಕಿ ಕಲಸಿದೆ. ಮನೋಜ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ಪಾಪ ಚಿಕ್ಕ ಜೀವ, ದಣಿದಿದೆ ಎಂದು ತುತ್ತು ಮಾಡಿ ಅವನ ಬಾಯಿಗೆ ಹಿಡಿದೆ. ಅವನು ನಕ್ಕು ನನ್ನ ಕೈ ಸರಿಸಿದ. "ನಾನೇ ತಿಂತೀನಮ್ಮ. ನಂಗೆ ಹದಿನೈದು."

ತುತ್ತು ಕೈಯಲ್ಲೇ ಉಳಿಯಿತು. ಬಾಗಿಲಿಗೆ ಒರಗಿ ನಿಂತಿದ್ದ ತೇಜು ಅದನ್ನೇ ನೋಡುತ್ತಿದ್ದ. ಒಡೆದ ದನಿಯಲ್ಲಿ, ಯಾವ ದೂರೂ ಇಲ್ಲದೆ, "ನಂಗೆ ಕೊಡೋದು ಯಾವಾಗ ನಿಲ್ಲಿಸಿದ್ದು ಅಮ್ಮ?" ಎಂದು ಕೇಳಿದ.

ಅವನ ದನಿ ಒಡೆದ ದಿನ ನನಗೆ ಗೊತ್ತು. ಮೀಸೆಯನ್ನು ಮೊದಲು ಕಂಡವಳೂ ನಾನೇ. ಅವನ ಚಪ್ಪಲಿಯ ಅಳತೆ ಎಷ್ಟು ಸಲ ಬದಲಾಯಿತು ಎಂಬುದನ್ನೂ ಹೇಳಬಲ್ಲೆ. ಇದೊಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎದ್ದು ಹೋಗಿ ಅದೇ ತುತ್ತನ್ನು ಅವನ ಬಾಯಿಯತ್ತ ಎತ್ತಿದೆ. ತುದಿಗಾಲ ಮೇಲೆ ನಿಂತೆ. ಆದರೂ ಅವನೇ ಬಗ್ಗಬೇಕಾಯಿತು, ಎತ್ತರ ಸಾಲದೆ ಹೋದದ್ದು ನನಗೆ.