ಎರಡನೆಯ ಮಹಡಿಯ ತಿರುವಿನಲ್ಲಿ ಹಲ್ಲಿನ ಡಾಕ್ಟರ ಕುರ್ಚಿ

ಮುಂಬಯಿಯ ಚೋರ್ ಬಜಾರಿನಲ್ಲಿ ಈ ಮಿನೋಚೆರ್‌ಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ! ಹೀಗೆಂದು ಕನ್ನಡಿಯ ಮುಂದೆ ಘೋಷಿಸಿ ಶುಕ್ರವಾರ ಬೆಳಿಗ್ಗೆ ಹೊರಟೆ. ಮಧ್ಯಾಹ್ನ ಹಿಂತಿರುಗುವಾಗ ನನ್ನ ಹಿಂದೆ ಹಮಾಲರು, ಅವರ ಹೆಗಲ ಮೇಲೆ ಬ್ರಿಟಿಷರ ಕಾಲದ ಹಲ್ಲಿನ ಡಾಕ್ಟರ ಕುರ್ಚಿ. ಕಬ್ಬಿಣದ ಪಾದ, ಕೆಂಪು ತೊಗಲು, ಉಗುಳಲು ಹಿತ್ತಾಳೆ ಬೋಗುಣಿ! ಇಂಥದ್ದು ಕಂಡರೆ ನನಗೆ ಕಾಲೇ ಕೀಳಲಾಗುವುದಿಲ್ಲ. ಯಾವ ಗವರ್ನರ್ ಸಾಹೇಬ ಇದರಲ್ಲಿ ಕೂತು ಅತ್ತಿದ್ದನೋ ಎಂದು ಯೋಚಿಸುತ್ತ ನಿಂತುಬಿಡುತ್ತೇನೆ.

ಬದಲಿಗೆ ಅಂಗಡಿಯ ಸತ್ತಾರ್‌ಭಾಯಿಗೆ ಕೊಟ್ಟದ್ದು ನಮ್ಮ ಮನೆಯ ಆರಾಮಕುರ್ಚಿ. ಮಂಡಿನೋವಿನ ನನ್ನ ಹೆಂಡತಿ ಖೋರ್ಷೆದ್‌ಗೆ ಮನೆಯಲ್ಲಿ ಕೂರಲು ಬರುತ್ತಿದ್ದದ್ದು ಅದೊಂದೇ. ಅವಳು ಅಗ್ಯಾರಿಗೆ, ಅಂದರೆ ನಮ್ಮ ಪಾರ್ಸಿಗಳ ಅಗ್ನಿಮಂದಿರಕ್ಕೆ, ಪ್ರಾರ್ಥನೆಗೆ ಹೋದ ಹೊತ್ತು ನೋಡಿ ಸಾಗಿಸಿದ್ದೆ.

ನಮ್ಮದು ನಾಲ್ಕನೆಯ ಮಹಡಿ. ಲಿಫ್ಟ್ ಇಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ! ಹಮಾಲರು ಬೆವರೊರೆಸಿಕೊಂಡು ಮಾಯವಾದರು. ಖೋರ್ಷೆದ್ ಪ್ರತ್ಯಕ್ಷಳಾದಳು.

"ಮಿನೂ, ಏನಿದು?"

"ಅಪರೂಪದ ಮಾಲು ಕಣೆ! ಸಂಗ್ರಹ ಮಾಡೋರು ಓಡಿ ಬರ್ತಾರೆ."

"ಬರ್ಲಿ. ನನ್ನ ಕುರ್ಚಿ ಎಲ್ಲಿ?"

ನಾನು ಮಾಳಿಗೆಯ ತೊಲೆಗಳನ್ನು ಪರೀಕ್ಷಿಸತೊಡಗಿದೆ.

"ನನ್ನ ಕಾಲನ್ನ ಇನ್ನು ಎಲ್ಲಿ ಚಾಚ್ಲಿ? ನಿನ್ನ ತಲೆ ಮೇಲಾ?" ಎಂದವಳೇ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಧೊಪ್ಪನೆ ಕೂತಳು.

ಆಮೇಲೆ ನನ್ನ ಓಡಾಟ ಕೇಳಬೇಡಿ! ದಿನಾ ಸತ್ತಾರ್‌ಭಾಯಿಯ ಅಂಗಡಿ, ಇದನ್ನು ವಾಪಸ್ ತಗೊಂಡು ನಮ್ಮ ಕುರ್ಚಿ ಕೊಡು ಎಂದು ದಿನಾ ಗೋಗರೆತ. "ಸೇಠ್, ಅಂಗಡಿ ಬಿಟ್ಟ ಮಾಲು ಮತ್ತೆ ಒಳಗೆ ಬರಲ್ಲ," ಎಂದು ಅವನು ಚಹಾ ಕುಡಿಸಿ ಕಳಿಸುತ್ತಿದ್ದ. ನನಗಂತೂ ಹಳೆಯ ಸಾಮಾನಿನ ಹೆಸರೆತ್ತಿದರೆ ಮೈಕೈ ನೋಯತೊಡಗಿತು. ಕೊನೆಗೆ, ಜೊತೆಗೆ ನನ್ನ ಗ್ರಾಮಫೋನೂ ಕೊಡುತ್ತೇನೆಂದ ಮೇಲೆ ಒಪ್ಪಿದ. ಆರಾಮಕುರ್ಚಿಯನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು, ಬೋಲ್ಟು ಬಿಚ್ಚುವ ಫಿಟ್ಟರನನ್ನೂ ಕರೆದುಕೊಂಡು ಬಂದ.

ತಿರುವಿನಲ್ಲಿ ನೋಡುತ್ತೇನೆ, ನಾವು ಹೊಸಿಲಿಗೆ ಹಾಕುವ ಮೀನಿನ ರಂಗೋಲಿ ಹಲ್ಲಿನ ಡಾಕ್ಟರ ಕುರ್ಚಿಯ ಸುತ್ತ! ಕುರ್ಚಿಯಲ್ಲಿ ಮೂರನೆಯ ಮಹಡಿಯ ಆಲಾಮಾಯಿ, ತೊಡೆಯ ಮೇಲೆ ತರಕಾರಿ ಚೀಲ.

"ಯಾರು ಕೈ ಇಡ್ತಾರೋ ಇಡ್ಲಿ, ನೋಡ್ತೀನಿ!" ಎಂದು ಮುದುಕಿ ಗುಡುಗಿದಳು. "ಇಷ್ಟು ವರ್ಷ ಈ ಮೆಟ್ಟಿಲು ಹತ್ತಿ ಎದೆ ಒಡೆದುಹೋಯ್ತು. ಈಗ ಉಸಿರು ಬಿಡೋಕೆ ಒಂದು ಜಾಗ ಆಗಿದೆ."

ನಾನು ಖೋರ್ಷೆದ್‌ಳ ಮುಖ ನೋಡಿದೆ; ಅವಳು ಮುದುಕಿಯ ಪಕ್ಕದಲ್ಲೇ ನಿಂತಿದ್ದಳು. "ನಿನ್ನ ಕುರ್ಚಿ ಕೆಳಗೆ ಬಂದಿದೆ ಕಣೆ."

"ಅದನ್ನ ಮೇಲೆ ತರಿಸು. ಇದು ಇಲ್ಲೇ ಇರ್ಲಿ."

"ಎರಡೂ ಇಟ್ಕೊಂಡ್ರೆ ಸತ್ತಾರ್‌ಭಾಯಿಗೆ ಏನು ಕೊಡ್ಲಿ?"

"ಮನೇಲಿ ಕಸ ಕಮ್ಮಿ ಇದೆಯಾ? ಬನ್ನಿ ಭಾಯಿ, ನಾನು ತೋರಿಸ್ತೀನಿ."

ಗ್ರಾಮಫೋನು ಹೋಯಿತು. ಮುಳ್ಳಿಲ್ಲದ ಗಡಿಯಾರ, ಹಡಗಿನ ಗಂಟೆ, ಗಾಜಿನ ಕಣ್ಣುಗಳ ಪೆಟ್ಟಿಗೆ, ನಲವತ್ತು ವರ್ಷದ ನನ್ನ ಸಾಮ್ರಾಜ್ಯವೆಲ್ಲ ಕೈಗಾಡಿ ಏರಿತು. ಇಳಿಸಿಕೊಟ್ಟವನೂ ನಾನೇ! ಗಾಡಿ ಮರೆಯಾದ ಮೇಲೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದೆ. ಆಲಾಮಾಯಿ ಆಗ ತಾನೇ ಎದ್ದಿದ್ದಳು. ಪುಣ್ಯಕ್ಕೆ ಕುರ್ಚಿ ಖಾಲಿ! ಕೂರಲು ಬಾಗಿದೆ.

"ಮಿನೂ!" ಖೋರ್ಷೆದ್ ಮೇಲಿನಿಂದ ಕೂಗಿದಳು. "ಸರದಿ ಪ್ರಕಾರ ಬಾ. ಈಗ ಮೂರನೇ ಮಹಡಿ ಸೋಲಿ ಅಂಕಲ್‌ದು, ಆಮೇಲೆ ಹಾಲಿನವನದು. ನಿನ್ನದು ಅದಾದ್ಮೇಲೆ!"