ಕೊನೆಯದೊಂದು ತಾನೆ!

ವರ್ಷದ ಕೊನೆಯ ದಿನ ಬೆಳಿಗ್ಗೆ ಮಿಲ್ಟನ್ ಸ್ಟುಕಿ ಊರ ಹೋಟೆಲಿನಲ್ಲಿ ಬಾಯಲ್ಲಿದ್ದ ಪ್ಯಾನ್‌ಕೇಕ್ ನುಂಗಿ, ಕಾಫಿ ಕುಡಿದು, ಸುಮ್ಮನೆ ಎದ್ದು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಡೊಲೊರೆಸ್ ಕೇಳಿದಳು, ಅವನು ಉತ್ತರ ಕೊಟ್ಟ.

ಡೊಲೊರೆಸ್ ಆ ಹೋಟೆಲಿನಲ್ಲಿ ತಟ್ಟೆ ಹಿಡಿದೇ ಮುದುಕಿಯಾದವಳು. ಓಹಾಯೋದ ವಿಲೋ ಫೋರ್ಕ್ ಎಂಬ ಆ ಪುಟ್ಟ ಊರಿನಲ್ಲಿ ಅವಳ ಕಿವಿಗೆ ಒಂದು ಮಾತು ಹಾಕಿದರೆ ಡಂಗುರ ಸಾರುವ ಖರ್ಚು ಉಳಿಯುತ್ತಿತ್ತು.

"ಏನಪ್ಪಾ ಮಿಲ್ಟ್, ನಮ್ಮ ಡ್ಯೂಯಿಗೆ ಓಟು ಹಾಕಿದ್ಯಾ?"

ಡ್ಯೂಯಿ ಹ್ಯಾಮಕರ್ ಆ ಊರು ಹೆತ್ತ ಒಬ್ಬನೇ ದೊಡ್ಡ ಮನುಷ್ಯ. ದೊಡ್ಡ ದೊಡ್ಡ ತಂಡಗಳಲ್ಲಿ ಬೇಸ್‌ಬಾಲ್ ಆಡಿದವನು. ಪೂರ್ತಿ ಆಟವಲ್ಲ; ಒಂಬತ್ತು ಇನ್ನಿಂಗ್ಸಿನಲ್ಲಿ ಎಂಟನ್ನು ಬೇರೆಯವರು ಎಸೆದು ತೋಳು ಬೀಳಿಸಿಕೊಂಡ ಮೇಲೆ, ಕೊನೆಯದೊಂದಕ್ಕೆ ಬಂದು ಆಟ ಮುಗಿಸಿಕೊಡುವ ರಿಲೀಫ್ ಪಿಚರ್. ಅವನನ್ನು ಮಹಾನ್ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಬೇಕೋ ಬೇಡವೋ ಎಂದು ದೇಶದ ಬೇಸ್‌ಬಾಲ್ ವರದಿಗಾರರು ವರ್ಷವರ್ಷವೂ ಓಟು ಹಾಕುತ್ತಿದ್ದರು. ಬಿದ್ದ ಓಟುಗಳಲ್ಲಿ ಮುಕ್ಕಾಲು ಪಾಲು ಬಂದರೆ ಮಾತ್ರ ಒಳಗೆ. ವರ್ಷವರ್ಷವೂ ಅವನಿಗೆ ಬಾಗಿಲವರೆಗೆ ಹೋಗಿ ವಾಪಸು ಬರುವುದೇ ಆಗಿತ್ತು. ಇದು ಕೊನೆಯ ಅವಕಾಶ. ಇಡೀ ಊರಿನಲ್ಲಿ ಓಟಿದ್ದವನು ಒಬ್ಬನೇ, ಊರ ಪತ್ರಿಕೆಯಲ್ಲಿ ಆಟದ ಪುಟ ಬರೆಯುವ ಮಿಲ್ಟನ್. ಆ ಓಟಿನ ಲಕೋಟೆಯ ಮೇಲೆ ಇವತ್ತಿನ ತಾರೀಖಿನ ಅಂಚೆ ಮುದ್ರೆ ಬೀಳಲೇಬೇಕಿತ್ತು.

"ಇಲ್ಲ, ಹಾಕೋದೂ ಇಲ್ಲ," ಎಂದ ಮಿಲ್ಟನ್, ತುಟಿಯ ಪಾಕ ಒರೆಸಿಕೊಳ್ಳುತ್ತ. "ಎಂಟು ಇನ್ನಿಂಗ್ಸ್ ಒಬ್ಬ ರಕ್ತ ಬಸೀತಾನೆ. ಇವನು ಅಲ್ಲೀತನಕ ಬೆಂಚಲ್ಲಿ ಕೂತು ಕಡಲೆಬೀಜ ತಿಂದು, ಆಮೇಲೆ ಬಂದು ಒಂದು ಎಸೀತಾನೆ. ಅದೇನು ಮಹಾ? ಕೊನೆಯದೊಂದು ತಾನೆ! ಯಾರು ಬೇಕಾದ್ರೂ ಮಾಡ್ತಾರೆ."

ಹೋಟೆಲಿನಲ್ಲಿದ್ದವರೆಲ್ಲ ಚಮಚ ಕೆಳಗಿಟ್ಟು ಇತ್ತ ತಿರುಗಿದರು. ಡೊಲೊರೆಸ್ ಕಾಫಿ ಬಗ್ಗಿಸುತ್ತಿದ್ದ ಕೈಯನ್ನು ಮೇಲೆತ್ತಿಕೊಂಡು ಅಡುಗೆಮನೆಯ ಫೋನಿನ ಕಡೆ ನಡೆದಳು.

ಮಿಲ್ಟನ್ ಅಲ್ಲಿಂದ ಸೀದಾ ಗಸ್‌ನ ಕ್ಷೌರದಂಗಡಿಗೆ ಹೋದ. ರಾತ್ರಿ ಚರ್ಚಿನಲ್ಲಿ ಹೊಸ ವರ್ಷದ ಊಟವಿತ್ತು. ತಲೆ ಸ್ವಲ್ಪ ನೆಟ್ಟಗಿರಲಿ ಎಂಬ ಆಸೆ. ಗಸ್ ಅವತ್ತು ಎಂದಿಗಿಂತ ಪ್ರೀತಿಯಿಂದ ಬಟ್ಟೆ ಹೊದಿಸಿದ, ಹೆಂಡತಿಯ ಆರೋಗ್ಯ ವಿಚಾರಿಸಿದ, ಎಡಗಡೆ ಕತ್ತರಿಸಿದ, ಹಿಂದುಗಡೆ ಕತ್ತರಿಸಿದ, ನೆತ್ತಿಯನ್ನು ಹುಲ್ಲುಹಾಸಿನ ಹಾಗೆ ಸಮಮಾಡಿದ. ಬಲಗಿವಿಯ ಮೇಲೊಂದು ಕುಚ್ಚು ಉಳಿದಿತ್ತು. ಗಸ್ ಕತ್ತರಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದ.

"ಲೋ ಗಸ್, ಇದೊಂದು ಉಳೀತಲ್ಲೋ."

"ಉಳೀಲಿ ಬಿಡು. ಕೊನೆಯದೊಂದು ತಾನೆ! ಯಾರು ಬೇಕಾದ್ರೂ ಮಾಡ್ತಾರೆ."

ಸರದಿಗೆ ಕಾದಿದ್ದವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕುಲುಕಾಡಿದರು. ಮಿಲ್ಟನ್ ಬೇಡಿದ, ಬೈದ, ಕೊನೆಗೆ ತಾನೇ ಕತ್ತರಿ ತೆಗೆದುಕೊಂಡು ಕನ್ನಡಿ ನೋಡುತ್ತ ಕುಚ್ಚಿಗೆ ಇಟ್ಟ. ಕನ್ನಡಿಯಲ್ಲಿ ಕೈ ಎಡಕ್ಕೆ ಹೋಗೆಂದರೆ ಬಲಕ್ಕೆ ಹೋಗುತ್ತದೆ. ಕುಚ್ಚು ಹಾಗೇ ಉಳಿಯಿತು. ಅದರ ಪಕ್ಕ ನಾಯಿ ಕಚ್ಚಿದಂಥ ಒಂದು ಬಯಲು ಹೊಸದಾಗಿ ಆಯಿತು. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಹೊರಗೆ ಬಂದ.

ಎದುರುಗಡೆ ಲೆಸ್ಟರ್‌ನ ಗ್ಯಾರೇಜು. ಗಾಲಿ ಪಂಕ್ಚರಾದ ಅವನ ಕಾರು ಹಿಂದಿನ ದಿನದಿಂದ ಅಲ್ಲೇ ಇತ್ತು. ಲೆಸ್ಟರ್ ಹೊಸ ಟೈರು ಹಾಕಿದ್ದ, ಬೋಲ್ಟು ಬಿಗಿದಿದ್ದ, ಗಾಜು ಕೂಡ ಒರೆಸಿದ್ದ. ಆದರೆ ಕಾರು ಮಾತ್ರ ಜಾಕಿನ ಮೇಲೆ ಒಂದು ಕಾಲೆತ್ತಿದ ನಾಯಿಯ ಹಾಗೆ ನಿಂತಿತ್ತು. ಜಾಕಿನ ಹಿಡಿಕೆ ಎಲ್ಲೂ ಕಾಣಲಿಲ್ಲ.

"ಇಳಿಸಯ್ಯ, ಹೊತ್ತಾಯ್ತು."

"ಇಳಿಸೋದೊಂದೇ ಬಾಕಿ," ಎಂದ ಲೆಸ್ಟರ್, ಕೈಗೆ ಸೋಪು ಹಚ್ಚುತ್ತ. "ಅಂಥಾ ಸಣ್ಣ ಕೆಲಸಕ್ಕೆಲ್ಲ ನಮ್ಮಂಥ ಎಂಟು ಇನ್ನಿಂಗ್ಸಿನ ಆಳು ಯಾಕೆ ಹೇಳು? ಹೊಸ ವರ್ಷದ ಶುಭಾಶಯ ಕಣಪ್ಪ!" ಎಂದು ಬಾಗಿಲು ಎಳೆದುಕೊಂಡ.

ಮಿಲ್ಟನ್ ಹಿಮದಲ್ಲಿ ಮನೆಗೆ ನಡೆದ. ದಾರಿಯುದ್ದಕ್ಕೂ ಅವನ ಛಲ ಕರಗಲಿಲ್ಲ, ಹೆಪ್ಪುಗಟ್ಟಿತು. "ಊರಿಗೂರೇ ತಲೆಕೆಳಗಾಗಿ ನಿಂತರೂ ಹಾಕಲ್ಲ," ಎಂದು ಗಟ್ಟಿಯಾಗಿ ಹೇಳಿಕೊಂಡ. ಅವನ ಮಟ್ಟಿಗೆ ಅದು ಬರೀ ಹಟವಲ್ಲ. ಊದಿದ ಮೊಣಕೈಗೆ ಮಂಜುಗಡ್ಡೆ ಕಟ್ಟಿಕೊಂಡು ಒಂಬತ್ತೂ ಇನ್ನಿಂಗ್ಸ್ ಎಸೆದು, ಯಾರ ನೆನಪಿನಲ್ಲೂ ಉಳಿಯದೆ ಹೋದವರನ್ನು ಅವನು ಕಣ್ಣಾರೆ ಕಂಡಿದ್ದ. ಅವರಿಗಿಲ್ಲದ ಪಟ್ಟ ಇವನಿಗೇಕೆ?

ಮನೆಯೊಳಗೂ ಹೊರಗಿನಷ್ಟೇ ಚಳಿ. ನೆಲಮಾಳಿಗೆಯಲ್ಲಿದ್ದ ಮನೆ ಕಾಯಿಸುವ ಫರ್ನೇಸು ಕೆಟ್ಟು, ಪಕ್ಕದ ಮನೆಯ ಆರ್ಲೊ ಅದನ್ನು ಬಿಚ್ಚಿ ಕೂತಿದ್ದ. ಹೆಂಡತಿ ವರ್ನಾ ಎರಡು ಸ್ವೆಟರ್ ತೊಟ್ಟು ಅಡುಗೆಮನೆಯಲ್ಲಿ ಚರ್ಚಿನ ಊಟಕ್ಕೆಂದು ಹುರುಳಿಕಾಯಿ ಬೇಯಿಸುತ್ತಿದ್ದಳು. ಡ್ಯೂಯಿಯನ್ನು ತೊಟ್ಟಿಲಲ್ಲಿ ತೂಗಿದವಳು ಅವಳು. ಆದರೂ ಈ ಓಟಿನ ವಿಷಯದಲ್ಲಿ ಒಂದು ದಿನ ಬಾಯಿ ಬಿಟ್ಟವಳಲ್ಲ.

"ನೀನೂ ಶುರುಮಾಡಬೇಡ," ಎಂದ ಮಿಲ್ಟನ್ ಟೋಪಿ ತೆಗೆಯದೆ.

"ನಂಗ್ಯಾಕೆ? ನಿನ್ನ ಓಟು, ನಿನ್ನ ಮನಸ್ಸಾಕ್ಷಿ," ಎಂದಳು ವರ್ನಾ, ಹುರುಳಿಕಾಯಿ ತಿರುವುತ್ತ.

ಅಷ್ಟರಲ್ಲಿ ಆರ್ಲೊ ಕೈ ಒರೆಸುತ್ತ ಮೇಲೆ ಬಂದ. "ಎಲ್ಲಾ ಜೋಡಿಸಿದೀನಿ ಮಿಲ್ಟ್. ಕೊಳವೆ ತೊಳೆದಿದೀನಿ. ಕಡ್ಡಿ ಗೀರಿ ಹಚ್ಚೋದೊಂದು ಇದೆ. ಕೊನೆಯದೊಂದು..."

"ಹೇಳಬೇಡ!" ಎಂದು ಕೂಗಿದ ಮಿಲ್ಟನ್. ಆರ್ಲೊ ಮಿಕ್ಕಿದ್ದನ್ನು ಹೇಳದೆ ನಗುತ್ತ ಹೊರಟುಹೋದ. ಮಾತಿನಲ್ಲೂ ಅವನು ಕೊನೆಯದೊಂದನ್ನು ಬಿಟ್ಟೇ ಹೋದ.

ಮಿಲ್ಟನ್ ಕಡ್ಡಿಪೆಟ್ಟಿಗೆ ಹಿಡಿದು ನೆಲಮಾಳಿಗೆಗೆ ಇಳಿದ. ಮೊದಲ ಕಡ್ಡಿ ಗಾಳಿಗೆ ಆರಿತು. ಎರಡನೆಯದು ಬೆರಳು ಸುಟ್ಟಿತು. ಆಮೇಲಿನವು ಗೀರುವಾಗಲೇ ಮುರಿದು ಬಿದ್ದವು. ಇನ್ನೊಂದನ್ನು ತುಸು ಜೋರಾಗಿಯೇ ಒಳಗೆ ತೂರಿಸಿದಾಗ ಫರ್ನೇಸು ಕೆಮ್ಮಿತು. ಭುಸ್ಸೆಂದು ಕಪ್ಪು ಮೋಡವೊಂದು ಹೊರಗೆ ಬಂದು ಮುಖಕ್ಕೆ ಅಪ್ಪಳಿಸಿ, ಎರಡು ಹುಬ್ಬುಗಳನ್ನೂ ತೆಗೆದುಕೊಂಡು ಹೋಯಿತು.

ಪೆಟ್ಟಿಗೆಯಲ್ಲಿ ಒಂದೇ ಕಡ್ಡಿ ಉಳಿಯಿತು. ಮಿಲ್ಟನ್ ಅದನ್ನು ನೋಡಿದ. ಹಬ್ಬದ ದಿನ ಅಂಗಡಿಗಳೆಲ್ಲ ಮುಚ್ಚುವ ಹೊತ್ತು, ಕಾರು ಗಾಳಿಯಲ್ಲಿದೆ, ಮನೆ ಮಂಜಿನ ಪೆಟ್ಟಿಗೆಯಾಗಿದೆ. ಇದೊಂದು ಆರಿದರೆ ರಾತ್ರಿಯ ಗತಿ? ಅವನ ಕೈ ಮುಂದೆ ಹೋಗಲಿಲ್ಲ.

ಮೆಟ್ಟಿಲಿಳಿದು ಬಂದ ವರ್ನಾ ಗಂಡನ ಮುಖ ನೋಡಿ ನಗಲಿಲ್ಲ, ಕೊಂಕು ಆಡಲಿಲ್ಲ. ಕಡ್ಡಿ ತೆಗೆದುಕೊಂಡಳು, ಬಗ್ಗಿದಳು, ಗೀರಿದಳು, ಹಚ್ಚಿದಳು. ಫರ್ನೇಸು ಸಾಧು ಹಸುವಿನ ಹಾಗೆ ಗುಂಯ್‌ಗುಟ್ಟಿತು. "ಕಾಫಿ ಇಟ್ಟಿದೀನಿ, ಬಾ," ಎಂದು ಮೇಲೆ ಹೋದಳು.

ಮಿಲ್ಟನ್ ಮೆಟ್ಟಿಲ ಮೇಲೆ ಕುಸಿದು ಕೂತ. ಎಷ್ಟೋ ವರ್ಷದ ಹಿಂದಿನ ಒಂದು ಸಂಜೆ ಕಣ್ಣಮುಂದೆ ಬಂತು. ಒಂಬತ್ತನೇ ಇನ್ನಿಂಗ್ಸು, ಮೂರು ಬೇಸಿನಲ್ಲೂ ಎದುರಾಳಿಗಳು, ಒಂದು ಹೊಡೆತ ಬಿದ್ದರೆ ಎಲ್ಲ ಮುಗಿಯಿತು. ಡ್ಯೂಯಿ ಮೈದಾನದ ಮೂಲೆಯಿಂದ ಹೊಲಕ್ಕೆ ನೀರು ಕಟ್ಟಲು ಹೊರಟವನಂತೆ ನಿಧಾನವಾಗಿ ನಡೆದು ಬಂದಿದ್ದ. ಮರುದಿನ ಪೇಪರಿನಲ್ಲಿ ಮಿಲ್ಟನ್ ಎಂಟು ಇನ್ನಿಂಗ್ಸ್ ಎಸೆದವನನ್ನೇ ಹೊಗಳಿ ಬರೆದಿದ್ದ. ಅದಕ್ಕೆ ಕಾರಣ ಅವನಿಗೊಬ್ಬನಿಗೇ ಗೊತ್ತು: ಡ್ಯೂಯಿ ಎಸೆದದ್ದನ್ನು ಅವನು ನೋಡಿಯೇ ಇರಲಿಲ್ಲ. ಎದೆ ಡವಡವ ತಡೆಯಲಾರದೆ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಿದ್ದ. ತಾನು ಬರೀ ನೋಡಲಾರದೆ ಹೋದದ್ದನ್ನು ಆ ಮನುಷ್ಯ ಹದಿನೇಳು ವರ್ಷ ಮಾಡಿದ್ದ.

ಮೇಲೆ ಬಂದು, ಕೋಣೆಯ ಬಾಗಿಲು ಹಾಕಿಕೊಂಡು, ಡ್ಯೂಯಿ ಹ್ಯಾಮಕರ್ ಹೆಸರಿನ ಮುಂದೆ ಕಾಗದ ಹರಿಯುವಷ್ಟು ಒತ್ತಿ ಗುರುತು ಹಾಕಿದ. ಲಕೋಟೆ ಅಂಟಿಸಿದ. ಮನಸ್ಸು ಹಗುರವಾಯಿತು. ಆದರೆ ಸೋತೆ ಎಂದು ಬಾಯಿಬಿಟ್ಟು ಹೇಳುವುದು? ಅದು ಮಾತ್ರ ಸಾಧ್ಯವಿರಲಿಲ್ಲ. ನಾಳೆಯೋ ನಾಡಿದ್ದೋ, ಊರು ತಣ್ಣಗಾದ ಮೇಲೆ, ತಾನೇ ದೊಡ್ಡ ಮನಸ್ಸು ಮಾಡಿದ ಹಾಗೆ ತಿಳಿಸಿದರಾಯಿತು. ಹುಬ್ಬಿಲ್ಲದ ಮುಖ, ಕುಚ್ಚಿನ ತಲೆ ಹೊತ್ತು ಈಗ ಬೀದಿಗಿಳಿಯುವ ಧೈರ್ಯವೂ ಇರಲಿಲ್ಲ.

ವರ್ನಾ ಹುರುಳಿಕಾಯಿ ಪಾತ್ರೆಯನ್ನು ಚರ್ಚಿನಲ್ಲಿ ಇಟ್ಟು ಬರಲು ಹೊರಟಿದ್ದಳು. ಅಂಚೆ ಕಚೇರಿ ದಾರಿಯಲ್ಲೇ.

"ನನ್ನ ಮನಸ್ಸಾಕ್ಷಿ ಹೇಳಿದ ಹಾಗೆ ಮಾಡಿದೀನಿ," ಎಂದು ಲಕೋಟೆ ಅವಳ ಕೈಗಿಟ್ಟ, ಗದ್ದ ಎತ್ತಿ. "ಮುಚ್ಚೋದ್ರೊಳಗೆ ಅಂಚೆಗೆ ಹಾಕಿಬಿಡು."

"ಹೂಂ," ಎಂದಳು ವರ್ನಾ.

ಅವಳು ವಾಪಸು ಬಂದಾಗ ಬೀದಿದೀಪ ಹತ್ತಿತ್ತು. ಮಿಲ್ಟನ್ ಬೆಚ್ಚಗೆ ಕಾಲು ಚಾಚಿ ಕೂತಿದ್ದ. ವರ್ನಾ ಕೋಟು ಕಳಚಿ, ಎದುರಿಗೆ ಬಂದು ನಿಂತು, ಮದುವೆಯಾದ ದಿನದಿಂದ ಅವನು ಕಾಣದಿದ್ದ ಒಂದು ನಗೆ ನಕ್ಕಳು.

"ಅಂಚೆ ಕಚೇರಿತನಕ ಹೋದೆ ಮಿಲ್ಟ್. ಸ್ಟಾಂಪು ತಗೊಂಡೆ, ಅಂಟಿಸಿದೆ, ಸಾಲಲ್ಲಿ ನಿಂತೆ. ಕಿಟಕಿತನಕ ಹೋದೆ. ಕೊಡೋದೊಂದು ಬಾಕಿ ಇತ್ತು." ಚೀಲದಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. "ಕೊನೆಯದೊಂದು ತಾನೆ! ನಮ್ಮ ಡ್ಯೂಯಿಗೆ ಅನ್ಯಾಯ ಮಾಡೋ ಓಟು ನನ್ನ ಕೈಯಿಂದ ಹೋಗಲ್ಲ. ಕಚೇರಿ ಬಾಗಿಲು ಹಾಕೋದನ್ನ ಕಣ್ಣಾರೆ ನೋಡ್ಕೊಂಡೇ ಬಂದೆ."

ಮಿಲ್ಟನ್ ಧಡಕ್ಕನೆ ಎದ್ದ. ಲಕೋಟೆ ಹರಿದು ಒಳಗಿನ ಕಾಗದವನ್ನು ಅವಳ ಕೈಗೆ ಕೊಟ್ಟ. ವರ್ನಾ ಕನ್ನಡಕ ಹಾಕಿಕೊಂಡು ಓದಿದಳು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದಳು. ಮೆಲ್ಲಗೆ ಕುರ್ಚಿ ಹಿಡಿದು ಕೂತಳು.

"ಹೇಳೋಕೇನಾಗಿತ್ತು ನಿಂಗೆ ದೊಡ್ಡ ರೋಗ?"

"ಕೇಳೋಕೇನಾಗಿತ್ತು ನಿಂಗೆ?"

ಇಬ್ಬರೂ ಕೋಟು ಸಿಕ್ಕಿಸಿಕೊಂಡು ಹಿಮದಲ್ಲಿ ಓಡಿದರು. ಅಂಚೆ ಕಚೇರಿಯ ಬಾಗಿಲು ಬಡಿದರು, ಕಿಟಕಿ ಬಡಿದರು. ಒಳಗೆ ಕತ್ತಲೆ ಬಿಟ್ಟರೆ ಯಾರೂ ಇರಲಿಲ್ಲ. ವಾಪಸು ಬರುವಾಗ ವರ್ನಾ ಗಂಡನ ತೋಳು ಹಿಡಿದು ಆಣೆ ಮಾಡಿಸಿದಳು: ಈ ವಿಷಯ ನಮ್ಮಿಬ್ಬರ ಮಧ್ಯೆಯೇ ಇರಬೇಕು. "ಒಂದು ಓಟಿಂದ ಏನಾಗತ್ತೆ ಬಿಡು. ನಾನೂರು ಜನ ಹಾಕ್ತಾರೆ," ಎಂದು ತನಗೂ ಸಮಾಧಾನ ಹೇಳಿಕೊಂಡಳು.

ಜನವರಿಯಲ್ಲಿ ಫಲಿತಾಂಶ ಬಂತು. ಒಂದೇ ಒಂದು ಓಟು ಕಡಿಮೆಯಾಗಿ ಡ್ಯೂಯಿ ಹ್ಯಾಮಕರ್‌ಗೆ ಆ ಪಟ್ಟ ಕೈತಪ್ಪಿತ್ತು.

ಅರ್ಧ ಗಂಟೆಯೊಳಗೆ ಊರು ಮಿಲ್ಟನ್‌ನ ಅಂಗಳದಲ್ಲಿತ್ತು. ಗಸ್, ಲೆಸ್ಟರ್, ಆರ್ಲೊ, ಏಪ್ರನ್ ಬಿಚ್ಚದೆಯೇ ಓಡಿಬಂದ ಡೊಲೊರೆಸ್. "ಹೊರಗೆ ಬಾರೋ ಊರುದ್ರೋಹಿ!" ಎಂಬ ಕೂಗು. ಮಿಲ್ಟನ್ ಬಾಗಿಲಿಗೆ ಬರುವ ಮೊದಲೇ ವರ್ನಾ ಮೆಟ್ಟಿಲ ಮೇಲೆ ನಿಂತಿದ್ದಳು. ಈಗ ಹೇಳಿಯಾಳು ಎಂದು ಅವನು ಉಸಿರು ಬಿಗಿಹಿಡಿದ. ಅವಳು ಗುಂಪನ್ನೊಮ್ಮೆ ನೋಡಿದಳು. ಲೆಸ್ಟರ್ ಕೈಯಲ್ಲಿದ್ದ ಸ್ಪಾನರನ್ನು ನೋಡಿದಳು. ಸೆರಗಿಲ್ಲದ ಕೊರತೆಗೆ ಸ್ವೆಟರಿನ ತೋಳಿನಿಂದ ಕಣ್ಣು ಒತ್ತಿಕೊಂಡಳು.

"ನಾನು ಹೇಳದ ಮಾತಿಲ್ಲ, ಬೇಡದ ದೇವರಿಲ್ಲ," ಎಂದಳು. "ಈ ಮನುಷ್ಯ ಕೇಳಬೇಕಲ್ಲ!"

ಗುಂಪಿನ ಮನಸ್ಸು ಕರಗಿಹೋಯಿತು. ಡೊಲೊರೆಸ್ ಓಡಿಬಂದು ಅವಳನ್ನು ತಬ್ಬಿಕೊಂಡಳು. "ಪಾಪ, ಇಂಥವನ ಜೊತೆ ಹೇಗೆ ಬಾಳ್ವೆ ಮಾಡ್ತಿದೀಯೋ ತಾಯಿ!"

ಮಿಲ್ಟನ್ ಬಾಯಿ ತೆರೆದ. ವರ್ನಾ ಡೊಲೊರೆಸಳ ಹೆಗಲ ಮೇಲಿಂದ ಅವನನ್ನು ಒಮ್ಮೆ ನೋಡಿದಳು. ಅವನು ಬಾಯಿ ಮುಚ್ಚಿದ.

"ನೋಡ್ರೋ ನೋಡ್ರೋ," ಎಂದ ಗಸ್ ಎಲ್ಲರಿಗೂ ಕೇಳುವಂತೆ, "ಇಷ್ಟಾದ್ರೂ ಒಂದು ತಪ್ಪಾಯ್ತು ಅಂತ ಬಾಯಲ್ಲಿ ಬರುತ್ತಾ ಇವನಿಗೆ!"